ಮೊದಲು ಪಿನ್ ನೋಡಿ, ಆಮೇಲೆ ಇಕ್ಕಳ ಕೊಳ್ಳಿ

ಅರಸೀಕೆರೆ ಕಡೆಯ ತೆಂಗಿನ ತೋಟಗಳಲ್ಲಿ ಕೊಳವೆಬಾವಿಯ ಮೋಟರ್ ಹತ್ತಿಸಲು ಸರಿರಾತ್ರಿ ಬ್ಯಾಟರಿ ಹಿಡಿದು ಹೋಗುವವರು ಕಡಿಮೆಯಾಗಿದ್ದಾರೆ. ಪಂಪ್‌ಸೆಟ್‌ಗಳಿಗೆ ದಿನಕ್ಕೆ 7 ಗಂಟೆ ತ್ರೀ ಫೇಸ್ ಕರೆಂಟ್ ಎನ್ನುವುದು ರಾಜ್ಯದ ಲೆಕ್ಕ. ಆ 7 ಗಂಟೆ ಹಗಲಿಗೆ ಬೀಳುತ್ತದೋ ರಾತ್ರಿಗೆ ಬೀಳುತ್ತದೋ ಎನ್ನುವುದು ಪಾಳಿಯ ಮೇಲೆ. ಹಾಗಾಗಿ ಸ್ಟಾರ್ಟರ್ ಪೆಟ್ಟಿಗೆಯ ಪಕ್ಕದಲ್ಲಿ ಸಿಮ್ ಹಾಕಿದ ಮೊಬೈಲ್ ಸ್ಟಾರ್ಟರ್ ಬಂದು ಕೂತಿತು. ಮೂರೂ ಫೇಸ್ ಬಂದಿದೆಯೇ ಎಂದು ಅದೇ ನೋಡಿಕೊಳ್ಳುತ್ತದೆ, ಮೋಟರ್ ಹತ್ತಿಸುತ್ತದೆ, ಬೋರಿನಲ್ಲಿ ನೀರು ಇಳಿದರೆ ಆರಿಸುತ್ತದೆ. ಹಳ್ಳಿಯ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ನಾಣ್ಯ ಹಾಕಿದರೆ ನೀರು ಬಿಡುವುದೂ ಇಂಥದೇ ಒಂದು ಬೋರ್ಡು. ಬೇಲೂರು ತಾಲ್ಲೂಕಿನ ಕಾಫಿ ತೋಟದ ಅಂಚಿನಲ್ಲಿ ಆನೆ ತಡೆಯಲು ಹಾಕಿದ ಸೋಲಾರ್ ಬೇಲಿಯ ಪೆಟ್ಟಿಗೆ, ಹಳೇಬೀಡಿನ ಅಂಗಡಿಗಳ ಯುಪಿಎಸ್ಸು, ಕ್ಯಾಮೆರಾ, ತೂಕದ ಯಂತ್ರ, ಎಲ್ಲದರ ಒಳಗೂ ಇದೇ ಏರ್ಪಾಡು. ಬೋರ್ಡಿನಿಂದ ಹೊರಡುವ ತೆಳು ವೈರುಗಳ ತುದಿಗೆ ಒಂದೊಂದು ಲೋಹದ ಪಿನ್, ಆ ಪಿನ್ನುಗಳೆಲ್ಲ ಸಾಲಾಗಿ ಕೂರುವ ಒಂದು ಬಿಳಿ ಪ್ಲಾಸ್ಟಿಕ್ ಗೂಡು.

ಈ ಪೆಟ್ಟಿಗೆಗಳು ಕೆಟ್ಟಾಗ ಮೊದಲು ಅನುಮಾನ ಬೀಳುವುದು ಬೋರ್ಡಿನ ಮೇಲೆ. ಹೊಸ ಬೋರ್ಡು ಹಾಕುತ್ತಾರೆ. ಹಾಕುವಾಗ ವೈರು ಬಿಚ್ಚಿ ಸಿಕ್ಕಿಸುವುದರಿಂದ ಸಂಪರ್ಕ ತಾತ್ಕಾಲಿಕವಾಗಿ ಸರಿಹೋಗುತ್ತದೆ. ಬೋರ್ಡೇ ಕೆಟ್ಟಿತ್ತು ಎಂಬ ತೀರ್ಮಾನಕ್ಕೆ ಅಷ್ಟು ಸಾಕು. ಮತ್ತೆ ಕೆಲವು ವಾರಕ್ಕೆ ಅದೇ ತೊಂದರೆ. ರೈತನ ಪಾಲಿಗೆ ಒಂದು ಪಾಳಿಯ ನೀರು ಹೋಯಿತು, ಬೋರ್ಡಿನ ಹಣವೂ ಹೋಯಿತು. ಪಿನ್ನಿಗೂ ವೈರಿಗೂ ನಡುವಿನ ಹಿಡಿತ ಎಂಬ ಅಕ್ಕಿಕಾಳಿನಷ್ಟು ಜಾಗವನ್ನು ಯಾರೂ ನೋಡಿರುವುದಿಲ್ಲ.

ಆ ಹಿಡಿತವನ್ನು ಉಂಟುಮಾಡುವ ಉಪಕರಣವೇ ಕ್ರಿಂಪಿಂಗ್ ಇಕ್ಕಳ. ನಮ್ಮ ತಾಲ್ಲೂಕು ಕೇಂದ್ರಗಳ ರಿಪೇರಿ ಅಂಗಡಿಗಳಲ್ಲಿ ಒಳ್ಳೆಯ ಮಲ್ಟಿಮೀಟರ್ ಇದೆ, ಒಳ್ಳೆಯ ಬೆಸುಗೆ ಕಡ್ಡಿ ಇದೆ, ಬಿಸಿಗಾಳಿಯ ಯಂತ್ರವೂ ಬಂದಿದೆ. ಕ್ರಿಂಪಿಂಗ್ ಇಕ್ಕಳ ಮಾತ್ರ ಇಲ್ಲ, ಇದ್ದರೂ ಕೈಗೆ ಸಿಕ್ಕಿದ್ದು. ಇದನ್ನು ಕೊನೆಯಲ್ಲಿ ಕೊಳ್ಳುವ, ಅಗ್ಗಕ್ಕೆ ಕೊಳ್ಳುವ ರೂಢಿ ತಪ್ಪು ಎಂದು ನಾನು ಹೇಳುತ್ತೇನೆ. ಅದಕ್ಕಿಂತ ಮುಖ್ಯವಾಗಿ, ಯಾವ ಇಕ್ಕಳ ಒಳ್ಳೆಯದು ಎಂದು ಕೇಳುವುದೇ ತಪ್ಪು ಜಾಗದಿಂದ ಶುರುಮಾಡಿದಂತೆ. ನಾನು ಹಾಕುತ್ತಿರುವ ಪಿನ್ ಯಾವುದು, ವೈರು ಯಾವುದು ಎಂಬಲ್ಲಿಂದ ಹೊರಡಬೇಕು. ಅಷ್ಟು ಗೊತ್ತಾದರೆ ಇಕ್ಕಳ ಬಹುಮಟ್ಟಿಗೆ ತಾನೇ ತೀರ್ಮಾನವಾಗುತ್ತದೆ.

ಒಂದು ಪಿನ್ನನ್ನು ಬೆಳಕಿಗೆ ಹಿಡಿದು ನೋಡಿ. ಹಿತ್ತಾಳೆ ಅಥವಾ ಫಾಸ್ಫರ್ ಕಂಚಿನ ತೆಳು ತಗಡು, ಮೇಲೆ ತವರದ ಲೇಪ. ಮುಂದಿನ ಭಾಗ ಬೋರ್ಡಿನ ಕಡ್ಡಿಯನ್ನು ಅಪ್ಪಿಕೊಳ್ಳುವ ಸ್ಪ್ರಿಂಗ್. ಹಿಂದೆ ಎರಡು ಜೊತೆ ರೆಕ್ಕೆ. ಮೊದಲ ಜೊತೆ ಬರಿಯ ತಾಮ್ರದ ಎಳೆಗಳನ್ನು ಹಿಡಿಯಬೇಕು, ಕೊನೆಯ ಜೊತೆ ವೈರಿನ ಹೊರಕವಚವನ್ನು ಅಪ್ಪಬೇಕು. ಸರಿಯಾದ ಅಚ್ಚಿನಲ್ಲಿ ಇಟ್ಟು ಒತ್ತಿದರೆ ಮೊದಲ ಜೊತೆ ರೆಕ್ಕೆಗಳು ಮೇಲಕ್ಕೆ ಎದ್ದು, ಒಳಕ್ಕೆ ಸುರುಳಿಯಾಗಿ, ಎಳೆಗಳ ನಡುವೆ ನುಗ್ಗುತ್ತವೆ. ತುಂಡರಿಸಿ ನೋಡಿದರೆ ಒಳಗೆ ಒಂದೊಂದೇ ದುಂಡು ಎಳೆ ಕಾಣುವುದಿಲ್ಲ. ಎಳೆಗಳು ಒಂದನ್ನೊಂದು ಒತ್ತಿಕೊಂಡು ಮೂಲೆಮೂಲೆಯಾಗಿ, ನಡುವೆ ಗಾಳಿಗೂ ಜಾಗವಿಲ್ಲದಂತೆ ಕೂತಿರುತ್ತವೆ. ಆ ಒತ್ತಡಕ್ಕೆ ತಾಮ್ರದ ಮೇಲಿನ ಕಿಲುಬಿನ ಪೊರೆ ಒಡೆದು ಲೋಹಕ್ಕೆ ಲೋಹ ನೇರವಾಗಿ ತಗಲುತ್ತದೆ. ಇಕ್ಕಳ ತೆಗೆದ ಮೇಲೂ ತಗಡಿನ ಬಿಗಿತ ಆ ಒತ್ತಡವನ್ನು ಉಳಿಸಿಕೊಂಡಿರುತ್ತದೆ. ಗಾಳಿ ಒಳಹೋಗದ ಆ ಜಾಗಕ್ಕೆ ತೇವವೂ ಹೋಗುವುದಿಲ್ಲ. ಜೂನ್‌ನಿಂದ ತಿಂಗಳುಗಟ್ಟಲೆ ಗೋಡೆ ಒಣಗದ ಬೇಲೂರಿನ ಮಲೆನಾಡು ಸೆರಗಿನಲ್ಲಿ ಇದು ಸಣ್ಣ ವಿಷಯವಲ್ಲ.

ಕಟಿಂಗ್ ಪ್ಲೇಯರ್‌ನಲ್ಲಿ ಒತ್ತಿದಾಗ ಆಗುವುದೇ ಬೇರೆ. ರೆಕ್ಕೆಗಳು ಸುರುಳಿಯಾಗುವುದಿಲ್ಲ, ಒಂದರ ಮೇಲೊಂದು ಮಡಿಚಿ ಚಪ್ಪಟೆಯಾಗುತ್ತವೆ. ಮಧ್ಯದ ಎಳೆಗಳು ನಲುಗುತ್ತವೆ, ಅಂಚಿನವು ಸಡಿಲವಾಗಿಯೇ ಇರುತ್ತವೆ. ಮೀಟರಿನಲ್ಲಿ ಬೀಪ್ ಬರುತ್ತದೆ, ಮೋಟರೂ ಹತ್ತುತ್ತದೆ. ಆಮೇಲೆ ಹಗಲಿನ ಬಿಸಿಲಿಗೆ ಹಿಗ್ಗಿ, ರಾತ್ರಿಯ ತಂಪಿಗೆ ಕುಗ್ಗಿ, ಸ್ಟಾರ್ಟರಿನೊಳಗಿನ ಕಾಂಟ್ಯಾಕ್ಟರ್ ಹೊಡೆಯುವ ಪ್ರತಿ ಸಲವೂ ನಡುಗಿ, ಎಳೆಗಳ ನಡುವೆ ಕೂದಲೆಳೆಗಿಂತ ಕಡಿಮೆ ಅಂತರದಲ್ಲಿ ಉಜ್ಜಾಟ ನಡೆಯುತ್ತಲೇ ಇರುತ್ತದೆ. ಪ್ರತಿ ಉಜ್ಜಾಟಕ್ಕೂ ಹೊಸ ಲೋಹ ತೆರೆದುಕೊಂಡು ಅದಕ್ಕೆ ಕಿಲುಬು ಹಿಡಿಯುತ್ತದೆ. ಹೀಗೆ ರೋಧ ಏರುತ್ತ ಹೋಗುತ್ತದೆ.

ಅದರ ಪರಿಣಾಮ ವೈರು ಹೊತ್ತಿರುವ ಕೆಲಸದ ಮೇಲೆ ನಿಂತಿದೆ. ಕರೆಂಟು ಹರಿಯುವ ವೈರಾದರೆ ಬಿಸಿ. ಪಿನ್ನಿನಲ್ಲಿ 0.2 ಓಮ್ ರೋಧ ಉಳಿದು 3 ಆಂಪಿಯರ್ ಹರಿದರೆ ಆ ಅಕ್ಕಿಕಾಳಿನಷ್ಟು ಜಾಗದಲ್ಲಿ 1.8 ವ್ಯಾಟ್ ಶಾಖ ಹುಟ್ಟುತ್ತದೆ. ಬಿಳಿ ಗೂಡು ಕಂದು ಬಣ್ಣಕ್ಕೆ ತಿರುಗಿರುವುದನ್ನು ರಿಪೇರಿಯವರೆಲ್ಲ ನೋಡಿಯೇ ಇರುತ್ತಾರೆ. ಸುದ್ದಿ ಹೊರುವ ವೈರಾದರೆ, ಎಂದರೆ ನೀರಿನ ಮಟ್ಟದ ಸೆನ್ಸರಿನದೋ ನಾಣ್ಯ ಎಣಿಸುವ ಪೆಟ್ಟಿಗೆಯದೋ ಆದರೆ, ಬಿಸಿ ಕಾಣುವುದೇ ಇಲ್ಲ. ಅಲ್ಲಿ ಹರಿಯುವ ಕರೆಂಟ್ ಕೆಲವೇ ಮಿಲಿಆಂಪಿಯರ್. ಕಿಲುಬಿನ ಪೊರೆಯನ್ನು ಸುಟ್ಟು ದಾರಿ ಮಾಡಿಕೊಳ್ಳುವ ಶಕ್ತಿಯೂ ಅದಕ್ಕಿಲ್ಲ. ಬೋರ್ಡು ಸುಳ್ಳು ಓದುತ್ತದೆ. ಬೋರಿನಲ್ಲಿ ನೀರಿದ್ದರೂ ಇಲ್ಲವೆಂದು ಮೋಟರ್ ನಿಲ್ಲಿಸುತ್ತದೆ, ಹಾಕಿದ ನಾಣ್ಯವನ್ನು ಎಣಿಸುವುದಿಲ್ಲ. ಸುಟ್ಟ ಗುರುತು ಬಿಡದ ಈ ಎರಡನೆಯ ಬಗೆಯ ತೊಂದರೆಯೇ ಹೆಚ್ಚು ಹಣ ತಿನ್ನುತ್ತದೆ, ಏಕೆಂದರೆ ಅದು ಎಲ್ಲಿದೆ ಎಂದು ಹುಡುಕುವುದೇ ಕಷ್ಟ.

ಇಷ್ಟು ಹೇಳಿದರೆ ಹಿರಿಯ ಮೆಕ್ಯಾನಿಕ್ಕರು ಕೇಳುವ ಪ್ರಶ್ನೆ ಒಂದೇ: ಒತ್ತಿದ ಮೇಲೆ ಒಂದು ಹನಿ ಸೋಲ್ಡರ್ ಬಿಟ್ಟರೆ ಆಯಿತಲ್ಲ? ರೇಡಿಯೋ, ಟೇಪ್‌ರೆಕಾರ್ಡರ್ ಕಾಲದಿಂದ ಬಂದ ಕೈಗಳಿಗೆ ಬೆಸುಗೆಯ ಮೇಲೆ ಇರುವ ನಂಬಿಕೆಯನ್ನು ನಾನು ಗೌರವಿಸುತ್ತೇನೆ. ಬೋರ್ಡಿನ ಮೇಲೆ ಬೆಸುಗೆಗೆ ಸಮನಾದದ್ದಿಲ್ಲ. ಆದರೆ ಎಳೆಗಳ ವೈರಿಗೆ ಬೆಸುಗೆ ಹಾಕಿದಾಗ ಕರಗಿದ ಸೀಸ-ತವರ ಪಿನ್ನಿನಲ್ಲೇ ನಿಲ್ಲುವುದಿಲ್ಲ, ಎಳೆಗಳ ಸಂದಿನಲ್ಲಿ ಹೀರಿಕೊಂಡು ಹೊರಕವಚದ ಒಳಗೂ ಕೆಲವು ಮಿಲಿಮೀಟರ್ ಏರುತ್ತದೆ. ಅಷ್ಟುದ್ದ ವೈರು ಗಟ್ಟಿ ಕಡ್ಡಿಯಾಗುತ್ತದೆ. ಗಟ್ಟಿ ಭಾಗ ಮುಗಿದು ಮೆದು ಭಾಗ ಶುರುವಾಗುವ ಗೆರೆಯಲ್ಲೇ ಬಾಗಾಟವೆಲ್ಲ ಸೇರಿಕೊಂಡು, ನಡುಕವಿರುವ ಕಡೆ ಎಳೆಗಳು ಅಲ್ಲೇ ಒಂದೊಂದಾಗಿ ಕಡಿಯುತ್ತವೆ. ಹೊರಗಿನಿಂದ ಕವಚ ನೆಟ್ಟಗೇ ಇರುತ್ತದೆ. ಪಿನ್ನಿನ ಮುಂಭಾಗಕ್ಕೆ ಸೋಲ್ಡರ್ ಹರಿದರೆ ಸ್ಪ್ರಿಂಗ್ ಕೂಡ ಸತ್ತಂತೆ.

ಮೊದಲೇ ತುದಿಗೆ ತವರ ಹಿಡಿಸಿ ಆಮೇಲೆ ಕ್ರಿಂಪ್ ಮಾಡುವ ರೂಢಿ ಇನ್ನೂ ಕೆಟ್ಟದ್ದು. ಸೋಲ್ಡರ್ ಮೆತು ಲೋಹ. ಒತ್ತಡದಲ್ಲಿಟ್ಟರೆ ಕಾಲಕ್ರಮದಲ್ಲಿ ಮೆಲ್ಲಗೆ ಜರುಗಿ ಜಾಗ ಬಿಡುತ್ತದೆ, ಹಿಡಿತ ಸಡಿಲವಾಗುತ್ತದೆ. ಸ್ಕ್ರೂ ಟರ್ಮಿನಲ್ಲಿಗೆ ಹಾಕುವ ವೈರಿನ ತುದಿಗೂ ಇದೇ ಮಾತು ಅನ್ವಯ. ಅಲ್ಲಿಗೆ ಬೇಕಾದ್ದು ಫೆರುಲ್ ಎಂಬ ಸಣ್ಣ ಕೊಳವೆ. ಅಮೆರಿಕದ ನಾಸಾ ಸಂಸ್ಥೆಯ ವೈರಿಂಗ್ ಮಾನದಂಡ, ತವರ ಹಿಡಿಸಿದ ಎಳೆವೈರನ್ನು ಕ್ರಿಂಪ್ ಮಾಡುವುದನ್ನು ನೇರವಾಗಿ ನಿಷೇಧಿಸಿದೆ. ಬೆಸುಗೆಯಿಲ್ಲದ ಈ ಜೋಡಣೆ ಬಡವರ ಉಪಾಯವಾಗಿ ಹುಟ್ಟಿದ್ದೂ ಅಲ್ಲ. ಅಮೆರಿಕದಲ್ಲಿ 1941ರಲ್ಲಿ ಶುರುವಾದ ಆಂಪ್ ಕಂಪನಿಯ ಪೂರ್ಣ ಹೆಸರಿನಲ್ಲೇ ವಿಮಾನವೂ ಹಡಗೂ ಇದ್ದವು. ಎಂಜಿನ್ ನಡುಗುವ, ಉಪ್ಪುಗಾಳಿ ಬೀಸುವ ಕಡೆಗಾಗಿಯೇ ಅದು ಬೆಸುಗೆ ಬೇಡದ ಟರ್ಮಿನಲ್ ಮಾಡಿತು. ನಮ್ಮ ಬೋರ್ಡುಗಳಲ್ಲಿ ಈಗ ಹೆಚ್ಚಾಗಿ ಕಾಣುವ ಜೆಎಸ್‌ಟಿ ಎಂಬ ಹೆಸರನ್ನು ಬಿಡಿಸಿದರೂ ಜಪಾನಿನ ಬೆಸುಗೆರಹಿತ ಟರ್ಮಿನಲ್ ಎಂದೇ ಆಗುತ್ತದೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಆಳದ್ದು. ಕೈ ಪಳಗಿದ್ದರೆ ಎಂಥ ಇಕ್ಕಳವಾದರೂ ನಡೆಯುತ್ತದೆ, ಕುಣಿಯಲಾರದವರು ನೆಲ ಡೊಂಕು ಎಂದರಂತೆ ಎನ್ನುವವರಿದ್ದಾರೆ. ಬೇಲೂರು, ಹಳೇಬೀಡಿನ ನೆಲದಲ್ಲಿ ಕೈಚಳಕದ ಪರವಾದ ಮಾತಿಗೆ ಸಹಜವಾಗಿಯೇ ತೂಕ ಹೆಚ್ಚು. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ದೇಗುಲದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದವರು ತಮ್ಮ ಹೆಸರು ಕೆತ್ತಿ ಹೋಗಿದ್ದಾರೆ. 2023ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದ್ದು ಆ ಕೈಗಳ ಕೆಲಸವೇ. ಆದರೆ ಅದೇ ದೇಗುಲದ ಒಳಗೆ ನವರಂಗದ ಕಂಬಗಳ ಮುಂದೆ ನಿಂತು ನೋಡಿ. ಬಳಪದ ಕಲ್ಲಿನ ಆ ನುಣುಪು ಬಳೆಬಳೆಯ ಕಂಬಗಳು ಕಲ್ಲನ್ನು ತಿರುಗಿಸುತ್ತ ಕಡೆದವು ಎಂಬುದು ವಿದ್ವಾಂಸರ ಅಭಿಪ್ರಾಯ. ಮದನಿಕೆಯ ಮುಖಕ್ಕೆ ಉಳಿ ಹಿಡಿದ ಜನವೇ ಕಂಬದ ದುಂಡಿಗೆ ತಿರುಗುಯಂತ್ರವನ್ನು ಆಶ್ರಯಿಸಿದರು. ಪ್ರತಿ ಸುತ್ತೂ ಒಂದೇ ಅಳತೆಗೆ ಬರಬೇಕಾದ ಕೆಲಸವನ್ನು ಅವರು ಬರಿಗೈಗೆ ಬಿಡಲಿಲ್ಲ. ಗಾರೆಯ ಅಂಟಿಲ್ಲದೆ ಕಲ್ಲಿಗೆ ಕಲ್ಲು ಕೂಡಿಸಿದ್ದೂ ಅಳತೆಯ ಬಲದಿಂದಲೇ. ಒಂದು ಕೆಲಸದಲ್ಲಿ ಎಲ್ಲಿ ಕೈ ಬೇಕು, ಎಲ್ಲಿ ಯಂತ್ರ ಬೇಕು ಎಂದು ವಿಂಗಡಿಸಬಲ್ಲ ತಿಳಿವಳಿಕೆಯೂ ಕುಶಲತೆಯ ಭಾಗ.

ಕ್ರಿಂಪಿಂಗ್ ಎರಡನೆಯ ಜಾತಿಯ ಕೆಲಸ. ರೆಕ್ಕೆ ಎಷ್ಟು ಎತ್ತರಕ್ಕೆ ಒತ್ತಲ್ಪಟ್ಟಿದೆ ಎನ್ನುವುದರ ಮೇಲೆ ಜೋಡಣೆಯ ಗುಣ ನಿಂತಿರುತ್ತದೆ. ಕಾರ್ಖಾನೆಗಳಲ್ಲಿ ಆ ಎತ್ತರವನ್ನು ಮೈಕ್ರೋಮೀಟರಿನಿಂದ ಅಳೆಯುತ್ತಾರೆ, ಮಿಲಿಮೀಟರಿನ ನೂರನೇ ಭಾಗಗಳ ಲೆಕ್ಕದಲ್ಲಿ. ಕಡಿಮೆ ಒತ್ತಿದರೆ ವೈರು ಜಾರುತ್ತದೆ, ಹೆಚ್ಚು ಒತ್ತಿದರೆ ಎಳೆ ಕತ್ತರಿಸುತ್ತದೆ. ಯಾವ ಪಳಗಿದ ಅಂಗೈಗೂ ಈ ಅಂತರ ಗೊತ್ತಾಗುವುದಿಲ್ಲ, ಅದೂ ದಿನದ ಕೊನೆಯ ಪಿನ್ನಿನ ಹೊತ್ತಿಗೆ. ಅದಕ್ಕಾಗಿಯೇ ಒಳ್ಳೆಯ ಇಕ್ಕಳಗಳಲ್ಲಿ ರ‍್ಯಾಚೆಟ್ ಇಟ್ಟಿದ್ದಾರೆ. ಪೂರ್ತಿ ಒತ್ತುವವರೆಗೆ ಅದು ಬಾಯಿ ಬಿಡುವುದಿಲ್ಲ. ಮೊದಲ ಪಿನ್ನಿಗೂ ಮುನ್ನೂರನೆಯದಕ್ಕೂ ಒಂದೇ ಒತ್ತಡ. ಕೈಯ ಕುಶಲತೆಗೆ ಕೆಲಸ ಉಳಿದೇ ಇದೆ: ಕವಚವನ್ನು ಎಳೆ ಗೀರದಂತೆ ಸುಲಿಯುವುದು, ಸರಿಯಾದ ಉದ್ದಕ್ಕೆ ಸುಲಿಯುವುದು, ಪಿನ್ನನ್ನು ಅಚ್ಚಿನಲ್ಲಿ ಸರಿಯಾದ ಆಳಕ್ಕೆ ಕೂರಿಸುವುದು.

ಈಗ ಪಿನ್ನಿನ ಮಾತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ರಿಲಿಮೇಟ್ ಕೇಳಿದರೆ ಒಂದು ಕೊಡುತ್ತಾರೆ, ಬರ್ಗ್ ಕೇಳಿದರೆ ಇನ್ನೊಂದು, ಜೆಎಸ್‌ಟಿ ಕೇಳಿದರೆ ಯಾವುದು ಎಂದು ತಿರುಗಿ ಕೇಳುತ್ತಾರೆ. ಆ ತಿರುಗಿ ಕೇಳುವುದೇ ಸರಿ. ಜೆಎಸ್‌ಟಿಯ ಎಕ್ಸ್‌ಎಚ್ ಜಾತಿಯಲ್ಲಿ ಪಿನ್ನಿಂದ ಪಿನ್ನಿಗೆ 2.5 ಮಿ.ಮೀ., ಪಿಎಚ್ ಜಾತಿಯಲ್ಲಿ 2.0, ಕರೆಂಟು ಹೆಚ್ಚು ಹೊರುವ ವಿಎಚ್ ಜಾತಿಯಲ್ಲಿ 3.96. ಬರ್ಗ್ ಕಡ್ಡಿಗೆ ಸಿಕ್ಕಿಸುವ, ಡುಪಾಂಟ್ ಎಂದು ಮಾರುವ ಉದ್ದನೆಯ ಪಿನ್ನಿನ ಅಂತರ 2.54. ಎಕ್ಸ್‌ಎಚ್‌ಗೂ ಡುಪಾಂಟ್‌ಗೂ ನಡುವೆ ನಾಲ್ಕು ನೂರನೇ ಭಾಗದ ವ್ಯತ್ಯಾಸ ಕಣ್ಣಿಗೆ ಕಾಣದು. ಪಿನ್ನಿನ ಉದ್ದ, ರೆಕ್ಕೆಯ ಎತ್ತರ, ತಗಡಿನ ದಪ್ಪ ಮಾತ್ರ ಪೂರ್ತಿ ಬೇರೆ. ಡುಪಾಂಟ್‌ಗಾಗಿ ಕೊರೆದ ಅಚ್ಚಿನಲ್ಲಿ ಎಕ್ಸ್‌ಎಚ್ ಇಟ್ಟರೆ ರೆಕ್ಕೆಯ ಜೊತೆಗೆ ಪಕ್ಕದ ಭಾಗವೂ ನಲುಗುತ್ತದೆ. ಗೂಡಿನಲ್ಲಿ ಕೊಕ್ಕೆ ಕಚ್ಚುವ ಕ್ಲಿಕ್ ಸದ್ದು ಬರುವುದಿಲ್ಲ. ಬಲವಂತದಿಂದ ತಳ್ಳಿದ ಆ ಪಿನ್, ಎದುರಿನ ಕನೆಕ್ಟರ್ ಸಿಕ್ಕಿಸುವಾಗ ಹಿಂದಕ್ಕೆ ಸರಿಯುತ್ತದೆ.

ವೈರಿನ ವಿಷಯದಲ್ಲಿ ನಮ್ಮ ಕಡೆ ನಡೆಯುವ ತಪ್ಪು ಇನ್ನೂ ದೊಡ್ಡದು. ಎಕ್ಸ್‌ಎಚ್‌ನ ಸಾಮಾನ್ಯ ಪಿನ್ 28ರಿಂದ 22 ಗೇಜ್ ವೈರಿಗೆ, ಎಂದರೆ 0.08ರಿಂದ 0.33 ಚದರ ಮಿ.ಮೀ. ತಾಮ್ರಕ್ಕೆ ಮಾಡಿದ್ದು. ಕವಚ ಸೇರಿ ವೈರಿನ ದಪ್ಪ 0.9ರಿಂದ 1.9 ಮಿ.ಮೀ. ಒಳಗಿರಬೇಕು. 22 ಗೇಜಿನಲ್ಲಿ ಅದರ ಮಿತಿ 3 ಆಂಪಿಯರ್. ಅರಸೀಕೆರೆಯ ಎಲೆಕ್ಟ್ರಿಕಲ್ ಅಂಗಡಿಗೆ ಹೋಗಿ ತೆಳು ವೈರು ಕೇಳಿದರೆ ಸುಲಭವಾಗಿ ಸಿಗುವುದು 0.75 ಚದರ ಮಿ.ಮೀ. ಮನೆ ವೈರು. ಅದರಲ್ಲಿ 0.2 ಮಿ.ಮೀ. ದಪ್ಪದ 24 ಎಳೆಗಳು, ಕವಚ ಸೇರಿದರೆ ದಪ್ಪ 2 ಮಿ.ಮೀ. ದಾಟುತ್ತದೆ. ಪಿನ್ನಿಗೆ ಹಿಡಿಸುವುದಿಲ್ಲ. ಆಗ ಮೆಕ್ಯಾನಿಕ್ ಹತ್ತು ಎಳೆ ಉಳಿಸಿಕೊಂಡು ಹದಿನಾಲ್ಕನ್ನು ಕತ್ತರಿಸಿ ಬಿಸಾಡುತ್ತಾನೆ. ಹೊರಗಿನಿಂದ ದಪ್ಪ ವೈರು, ಒಳಗೆ ಅರ್ಧಕ್ಕಿಂತ ಕಡಿಮೆ ತಾಮ್ರ. ಹಿಂದಿನ ರೆಕ್ಕೆಗಳು ದಪ್ಪ ಕವಚವನ್ನು ಅಪ್ಪಲಾರದೆ ಅದಕ್ಕೆ ಚುಚ್ಚಿಕೊಳ್ಳುತ್ತವೆ. ಎಷ್ಟು ಸಾವಿರದ ಇಕ್ಕಳ ತಂದರೂ ಈ ಜೋಡಣೆ ಉಳಿಯುವುದಿಲ್ಲ. ಪಿನ್ನಿಗೆ ತಕ್ಕ ತೆಳು ವೈರನ್ನು ಗೇಣುದ್ದ ಹಾಕಿಕೊಂಡು, ಪೆಟ್ಟಿಗೆಯೊಳಗೇ ಒಂದು ಸ್ಕ್ರೂ ಟರ್ಮಿನಲ್ ಪಟ್ಟಿಯಲ್ಲಿ ದಪ್ಪ ವೈರಿಗೆ ಸೇರಿಸುವುದು ಸರಿಯಾದ ದಾರಿ. ಬೋರ್ಡು ಮಾಡುವವರೇ 3.96 ಅಂತರದ ಕನೆಕ್ಟರ್ ಕೊಟ್ಟಿದ್ದರೆ 0.75ರ ತಾಮ್ರ ಅದರಲ್ಲಿ ನಿರಾಳವಾಗಿ ಕೂರುತ್ತದೆ. ಹಳ್ಳಿಗೆ ಪೆಟ್ಟಿಗೆ ಮಾರುವವರು ಹಳ್ಳಿಯಲ್ಲಿ ಸಿಗುವ ವೈರನ್ನು ಗಮನದಲ್ಲಿಟ್ಟು ಕನೆಕ್ಟರ್ ಆರಿಸಬೇಕು. ಈ ಹೊಣೆಯನ್ನು ರಿಪೇರಿಯವನೊಬ್ಬನ ಮೇಲೆ ಹೊರಿಸುವುದು ನ್ಯಾಯವಲ್ಲ.

ಪಿನ್ನೂ ವೈರೂ ನಿಶ್ಚಯವಾದ ಮೇಲೆ ಇಕ್ಕಳದ ಸರದಿ. ಎಲ್ಲ ಕಡೆ ನೇತುಹಾಕಿರುವ, ಕೆಂಪು, ನೀಲಿ, ಹಳದಿ ಚುಕ್ಕೆಗಳ ತಗಡಿನ ಇಕ್ಕಳ ಬಣ್ಣದ ಪ್ಲಾಸ್ಟಿಕ್ ತೋಳಿರುವ ಥಿಂಬಲ್‌ಗಳಿಗೆ ಮಾಡಿದ್ದು: ಕೆಂಪು 1.5ರವರೆಗೆ, ನೀಲಿ 2.5ರವರೆಗೆ, ಹಳದಿ 4ರಿಂದ 6 ಚದರ ಮಿ.ಮೀ.ಗೆ. ವೈರು ಸುಲಿಯುತ್ತದೆ, ಸ್ಕ್ರೂ ಕತ್ತರಿಸುತ್ತದೆ, ಎಲ್ಲಕ್ಕೂ ಆಗುತ್ತದೆ ಎಂದು ಪೊಟ್ಟಣದ ಮೇಲೆ ಬರೆದಿರುತ್ತದೆ. ಸಣ್ಣ ಪಿನ್ನಿಗೆ ಅದು ಆಗುವುದೇ ಇಲ್ಲ. ಎಲ್ಲ ಕನೆಕ್ಟರಿಗೂ ಒಂದೇ ಇಕ್ಕಳ ಎಂಬ ಮಾತನ್ನು ನಾನು ಎಲ್ಲಿ ಕಂಡರೂ ನಂಬುವುದಿಲ್ಲ, ನೀವೂ ನಂಬಬೇಡಿ.

ರ‍್ಯಾಚೆಟ್ ಇರುವ ಚೀನಾದ ಎಸ್‌ಎನ್ ಸರಣಿಯ ಇಕ್ಕಳಗಳು ಈಗ ಆನ್‌ಲೈನ್‌ನಲ್ಲಿ ಸಣ್ಣ ಅಂಗಡಿಯ ಕೈಗೆ ಎಟುಕುವ ಬೆಲೆಗೆ ಸಿಗುತ್ತವೆ. ಇವುಗಳಲ್ಲಿ ಹೆಚ್ಚು ಮಾರಾಟವಾಗುವುದು ಎಸ್‌ಎನ್-28ಬಿ. ಡುಪಾಂಟ್ ಪಿನ್ನಿಗೆ ಅದು ಸರಿ. ಎಕ್ಸ್‌ಎಚ್, ರಿಲಿಮೇಟ್ ಹೆಚ್ಚಾಗಿ ಹಾಕುವವರಿಗೆ 0.08ರಿಂದ 1.0 ಚದರ ಮಿ.ಮೀ. ವರೆಗಿನ ಅಚ್ಚುಗಳಿರುವ ಎಸ್‌ಎನ್-2549 ಮೇಲು. ಇವೆರಡೂ ಒಂದೇ ಬಣ್ಣದ ಹಿಡಿಕೆಯಲ್ಲಿ, ಒಂದೇ ಥರ ಕಾಣುವಂತೆ ಬರಬಹುದು. ನೋಡಬೇಕಾದ್ದು ಅಚ್ಚಿನ ಮೇಲಿನ ಸಂಖ್ಯೆ.

ಜಪಾನಿನ ಎಂಜಿನಿಯರ್ ಕಂಪನಿಯ ಪಿಎ-09 ಇನ್ನೊಂದು ದಾರಿ. ಅದರಲ್ಲಿ ರ‍್ಯಾಚೆಟ್ ಇಲ್ಲ. 1.0, 1.4, 1.6, 1.9 ಮಿ.ಮೀ. ಅಗಲದ ನಾಲ್ಕು ಅಚ್ಚುಗಳಿವೆ. ತಾಮ್ರದ ರೆಕ್ಕೆಯನ್ನು ಒಂದು ಅಚ್ಚಿನಲ್ಲಿ, ಕವಚದ ರೆಕ್ಕೆಯನ್ನು ಇನ್ನೊಂದರಲ್ಲಿ, ಎರಡು ಸಲ ಬೇರೆಬೇರೆಯಾಗಿ ಒತ್ತಬೇಕು. ನಿಧಾನ, ಕೈಗೆ ಶ್ರಮ. ಆದರೆ ದಿನಕ್ಕೊಂದು ಜಾತಿಯ ಪಿನ್ ಎದುರಾಗುವ, ಒಂದೊಂದರಲ್ಲೂ ನಾಲ್ಕೇ ನಾಲ್ಕು ಹಾಕಬೇಕಾದ ರಿಪೇರಿ ಅಂಗಡಿಗೆ ಈ ಬಗೆಯ ಇಕ್ಕಳ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂಬುದು ನನ್ನ ಅಭಿಪ್ರಾಯ. ರ‍್ಯಾಚೆಟ್ ಇಲ್ಲದ ಕೊರತೆಯನ್ನು ಪ್ರತಿ ಪಿನ್ನನ್ನೂ ಎಳೆದು ನೋಡುವ ಶಿಸ್ತು ತುಂಬಬೇಕು. ಇದಕ್ಕೆ ವಿರುದ್ಧವಾಗಿ, ಒಂದೇ ಬಗೆಯ ಪೆಟ್ಟಿಗೆಗಳನ್ನು ಹತ್ತಿಪ್ಪತ್ತು ಕಟ್ಟಿ ಮಾರುವವರು ರ‍್ಯಾಚೆಟ್ ಇಲ್ಲದ ಇಕ್ಕಳವನ್ನು ಮುಟ್ಟಬಾರದು.

ಪಿನ್ ಮಾಡುವ ಕಂಪನಿಯೇ ತನ್ನ ಒಂದೊಂದು ಪಿನ್ನಿಗೆಂದು ಮಾಡುವ ಇಕ್ಕಳಗಳ ಬೆಲೆ ಹತ್ತಾರು ಸಾವಿರ. ಪಿನ್ನನ್ನು ಸರಿಯಾದ ಆಳದಲ್ಲಿ ನಿಲ್ಲಿಸುವ ತಡೆಯೂ ಅದರಲ್ಲೇ ಇರುತ್ತದೆ. ಅದರ ಹಿಡಿತಕ್ಕೆ ಕಂಪನಿಯೇ ಜವಾಬ್ದಾರಿ. ತಾಲ್ಲೂಕಿನ ಅಂಗಡಿಗೆ ಅದು ಬೇಡ ಎನ್ನುವವರ ಲೆಕ್ಕ ನನಗೆ ಅರ್ಥವಾಗುತ್ತದೆ. ತಿಂಗಳಿಗೆ ಹತ್ತು ಪಿನ್ ಹಾಕುವವನಿಗೆ ಯಾವ ದುಬಾರಿ ಇಕ್ಕಳವೂ ಬೇಡ. ಕಾರ್ಖಾನೆಯಲ್ಲೇ ಎರಡು ತುದಿಗೂ ಪಿನ್ ಹಾಕಿದ ರೆಡಿ ವೈರುಗಳು ಎಸ್.ಪಿ. ರಸ್ತೆಯಲ್ಲೂ ಆನ್‌ಲೈನಿನಲ್ಲೂ ಸಿಗುತ್ತವೆ. ಒಂದು ಕಟ್ಟು ತಂದಿಟ್ಟುಕೊಂಡು, ಬೇಕಾದಾಗ ನಡುವೆ ಕತ್ತರಿಸಿ ಎರಡು ಮಾಡಿಕೊಂಡರೆ ಕೆಲಸ ನಡೆಯುತ್ತದೆ. ಅವನ ಕೈಯಲ್ಲಿರುವ ಕಟಿಂಗ್ ಪ್ಲೇಯರ್‌ನ ಕ್ರಿಂಪಿಗಿಂತ ಅದು ಸಾವಿರ ಪಾಲು ಮೇಲು.

ಅಂಗಡಿಗೆ ದುಬಾರಿಯಾದದ್ದು ಊರಿಗೆ ದುಬಾರಿಯಾಗಬೇಕಿಲ್ಲ. 2022ರ ಜೂನ್ ತಿಂಗಳಲ್ಲಿ ಕರ್ನಾಟಕದ 150 ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ಮೇಲ್ದರ್ಜೆಗೇರಿಸಿ ಉದ್ಘಾಟಿಸಿದರು. ಸಿಎನ್‌ಸಿ ಯಂತ್ರ, ರೋಬೋ ಬಂದವು. ಬಂದದ್ದು ಒಳ್ಳೆಯದೇ. ಅಂಥ ಯಂತ್ರದ ಬೆಲೆಯ ಒಂದು ಸಣ್ಣ ಚೂರಿನಲ್ಲಿ ಎಕ್ಸ್‌ಎಚ್, ಪಿಎಚ್, ವಿಎಚ್, ಡುಪಾಂಟ್ ನಾಲ್ಕಕ್ಕೂ ಕಂಪನಿಯ ಇಕ್ಕಳ, ಒಂದು ಮೈಕ್ರೋಮೀಟರ್, ಒಂದು ಎಳೆತದ ಪರೀಕ್ಷಾ ಯಂತ್ರ ತಾಲ್ಲೂಕಿನ ಐಟಿಐಗೆ ಬಂದುಬಿಡುತ್ತವೆ. ಎಲೆಕ್ಟ್ರಿಷಿಯನ್, ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್ ಕಲಿಯುವ ಹುಡುಗರು, ಹುಡುಗಿಯರು ಊರಿನ ಅಂಗಡಿಗಳಿಗೆ ಬೇಕಾದ ವೈರುಗಳನ್ನು ಅಲ್ಲೇ ಕಟ್ಟಿಕೊಡಬಹುದು. ಅವರಿಗೆ ಅಭ್ಯಾಸವೂ ಆಗುತ್ತದೆ, ಸಂಪಾದನೆಯೂ ಆಗುತ್ತದೆ. ತೆಂಗು ಬೆಳೆಗಾರರ ಸಂಘ, ಉತ್ಪಾದಕರ ಕಂಪನಿಗಳಿಗೂ ಇದು ಅಸಾಧ್ಯದ ಮಾತಲ್ಲ. ಗೊಬ್ಬರ, ಔಷಧಿ ಸಿಂಪಡಿಸುವ ಯಂತ್ರ ಬಾಡಿಗೆಗೆ ಕೊಡುವವರು ಒಂದು ಪೆಟ್ಟಿಗೆ ಇಕ್ಕಳವನ್ನೂ ಇಟ್ಟುಕೊಳ್ಳಬಹುದು.

ಜೋಡಣೆಯನ್ನು ಪರೀಕ್ಷಿಸುವುದಂತೂ ಯಾರಿಗೂ ದುಬಾರಿಯಲ್ಲ. ಮೊದಲು ಕಣ್ಣು, ಸಾಧ್ಯವಾದರೆ ಭೂತಗನ್ನಡಿ. ಎರಡು ಜೊತೆ ರೆಕ್ಕೆಗಳ ನಡುವಿನ ಕಿಟಕಿಯಲ್ಲಿ ಅರ್ಧ ಕವಚ, ಅರ್ಧ ತಾಮ್ರ ಕಾಣಬೇಕು. ತಾಮ್ರದ ರೆಕ್ಕೆಯ ಮುಂದೆ ಎಳೆಗಳ ತುದಿ ತುಸುವೇ ಇಣುಕಬೇಕು. ಒಂದು ಎಳೆಯೂ ಹೊರಗೆ ಚಾಚಿರಬಾರದು. ತಾಮ್ರದ ರೆಕ್ಕೆಯ ಹಿಂದಿನ ಅಂಚು ಕಹಳೆಯ ಬಾಯಿಯಂತೆ ಸ್ವಲ್ಪ ಅಗಲವಾಗಿರಬೇಕು, ಇಲ್ಲದಿದ್ದರೆ ಆ ಅಂಚೇ ಎಳೆಗಳನ್ನು ಕಡಿಯುತ್ತದೆ. ಆಮೇಲೆ ಎಳೆತ. ಯುಎಲ್ 486ಎ ಮಾನದಂಡದ ಪ್ರಕಾರ 22 ಗೇಜ್ ವೈರಿನ ಕ್ರಿಂಪ್ 8 ಪೌಂಡ್, ಎಂದರೆ ಸುಮಾರು 3.6 ಕಿಲೋ ಎಳೆತ ತಡೆಯಬೇಕು. 18 ಗೇಜಿನದು 20 ಪೌಂಡ್, ಸುಮಾರು 9 ಕಿಲೋ. ಸಾಮಾನು ತೂಗುವ ಸ್ಪ್ರಿಂಗ್ ತಕ್ಕಡಿ ಎಲ್ಲ ಊರಿನಲ್ಲೂ ಸಿಗುತ್ತದೆ. ಹೊಸ ಇಕ್ಕಳ ತಂದ ದಿನ, ಹೊಸ ಪಿನ್ನಿನ ಪೊಟ್ಟಣ ಒಡೆದ ದಿನ, ನಾಲ್ಕೈದು ಪಿನ್ನುಗಳನ್ನು ಕವಚದ ರೆಕ್ಕೆ ಬಿಟ್ಟು ತಾಮ್ರಕ್ಕಷ್ಟೇ ಒತ್ತಿ, ತಕ್ಕಡಿಗೆ ಕಟ್ಟಿ ಎಳೆದು ನೋಡಬೇಕು. ವೈರು ಹಾಗೇ ಜಾರಿ ಬಂದರೆ ಒತ್ತಡ ಸಾಲದು. ರೆಕ್ಕೆಯ ಬಾಯಲ್ಲೇ, ಅದೂ ಕಡಿಮೆ ತೂಕಕ್ಕೆ, ಕಡಿದರೆ ಒತ್ತಡ ಹೆಚ್ಚು. ಪಿನ್ನಿನ ತಗಡೇ ಹರಿದರೆ ಪಿನ್ ಕಳಪೆ, ಇಕ್ಕಳದ ತಪ್ಪಿಲ್ಲ.

ಬೇಲೂರಿನಿಂದ ಸುಮಾರು 40 ಕಿ.ಮೀ. ದೂರದ ಹಾಸನದಲ್ಲಿ 1982ರಿಂದ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರವಿದೆ. ಇನ್ಸಾಟ್, ಜಿಸ್ಯಾಟ್ ಉಪಗ್ರಹಗಳನ್ನು ಅಲ್ಲಿಂದ ನೋಡಿಕೊಳ್ಳುತ್ತಾರೆ. 36,000 ಕಿ.ಮೀ. ಎತ್ತರದಲ್ಲಿ ಒಂದು ಪಿನ್ ಸಡಿಲವಾದರೆ ಹೋಗಿ ಒತ್ತಿ ಬರುವವರಿಲ್ಲ. ಆದ್ದರಿಂದಲೇ ಬಾಹ್ಯಾಕಾಶದ ವೈರಿಂಗ್‌ನಲ್ಲಿ ಕೆಲಸಕ್ಕೆ ಮೊದಲು ಮಾದರಿ ಕ್ರಿಂಪ್ ಮಾಡಿ, ಕಿತ್ತು ಬರುವವರೆಗೆ ಎಳೆದು, ಇಕ್ಕಳ ಸರಿಯಿದೆಯೆಂದು ಖಚಿತಪಡಿಸಿಕೊಳ್ಳುವ ಪದ್ಧತಿ ಬಂದಿದೆ. ತೋಟದ ಪೆಟ್ಟಿಗೆಗೆ ಉಪಗ್ರಹದ ಖರ್ಚು ಬೇಡ. ಆ ಪದ್ಧತಿಗೆ ಬೇಕಾದ್ದು ನಾಲ್ಕು ಪಿನ್, ಒಂದು ತಕ್ಕಡಿ, ಐದು ನಿಮಿಷ. ಬಯಲುಸೀಮೆಯ ರೈತನಿಗೆ ಕರೆಂಟಿರುವ 7 ಗಂಟೆ ಮತ್ತೆ ಸಿಗುವಂಥದ್ದಲ್ಲ, ಆದ್ದರಿಂದ ಅಷ್ಟಕ್ಕೆ ಅವನು ಹಕ್ಕುದಾರ.

ಇಕ್ಕಳ ಕೊಳ್ಳಲು ಹೊರಡುವವರಲ್ಲಿ ಒಂದು ಕೋರಿಕೆ. ನೀವು ಹೆಚ್ಚಾಗಿ ಹಾಕುವ ಎರಡು ಬಗೆಯ ಪಿನ್ನುಗಳಲ್ಲಿ ಹತ್ತತ್ತನ್ನು, ಅದಕ್ಕೆ ಹಾಕುವ ವೈರಿನ ಒಂದು ಮೊಳವನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಅಂಗಡಿಯಲ್ಲೇ ಒತ್ತಿ, ಗೂಡಿಗೆ ಹಾಕಿ, ಎಳೆದು ನೋಡಿ. ಹಾಗೆ ನೋಡಲು ಬಿಡದ ಅಂಗಡಿಯಲ್ಲಿ ಕೊಳ್ಳಬೇಡಿ. ಆನ್‌ಲೈನಿನಲ್ಲಿ ತರಿಸಿದರೆ ಹಿಂದಿರುಗಿಸುವ ಗಡುವಿನೊಳಗೆ ಇದೇ ಪರೀಕ್ಷೆ ಮಾಡಿ, ಪಿನ್ ನಿಲ್ಲದಿದ್ದರೆ ಹಿಂದಕ್ಕೆ ಕಳಿಸಿ.